ಬೋಟು ಯಾರಿಗೆ ಕರೆಸಿದ್ದು

ನಾವು ಕೆಲಸಕ್ಕಿದ್ದ ರೆಸಾರ್ಟಿನ ಮಾಲೀಕರು ನಮ್ಮ ಮುಂದೆ ಇಟ್ಟ ಷರತ್ತು ಒಂದೇ. ಪ್ರವಾಸಿಗರನ್ನು ಕಯಾಕಿನಲ್ಲಿ ಕರೆದೊಯ್ದು ಸಮುದ್ರದಲ್ಲಿ ಮೀನು ಹಿಡಿಸುವ ಕೆಲಸವನ್ನು ನನಗೂ ನನ್ನ ಹೆಂಡತಿಗೂ ಕೊಡುತ್ತಾರೆ. ಅದಕ್ಕೆ ಮೊದಲು ಆ ವಿದ್ಯೆಯನ್ನು ನಾವೇ ಕಲಿತುಕೊಳ್ಳಬೇಕು. ಕಲಿಯುವಾಗ ಒಂದೇ ಒಂದು ಸಲ ನಮಗಾಗಿ ಬೋಟು ಕಳಿಸುವ ಹಾಗಾದರೂ ಸರಿ, ಕೆಲಸ ಹೋಯಿತು. “ತಮ್ಮನ್ನು ತಾವು ದಡಕ್ಕೆ ತಂದುಕೊಳ್ಳಲಿಕ್ಕೆ ಆಗದವರ ಕೈಗೆ ನಾನು ಬೇರೆಯವರ ಮಕ್ಕಳನ್ನ ಕೊಡುವುದಿಲ್ಲ” ಎಂದರು. ಕರಾವಳಿಯ ಮನುಷ್ಯ, ಮಾತು ಮೆತ್ತಗೆ, ಅರ್ಥ ಮಾತ್ರ ಕಲ್ಲು.

ನಾನು ಬನಹಟ್ಟಿಯ ನೇಕಾರರ ಮನೆಯವನು. ನಮ್ಮ ಅಡುಗೆಮನೆಗೆ ಮೀನಿನ ವಾಸನೆಯೂ ಬಂದದ್ದಿಲ್ಲ. ಹೆಂಡತಿ ಬೀಳಗಿ ಕಡೆಯವಳು, ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಬೆಳೆದವಳು. ಆ ರೆಸಾರ್ಟಿನಲ್ಲಿ ನಾನು ದೋಣಿ, ಜಾಕೆಟ್ಟು, ಹಗ್ಗಗಳ ಉಸ್ತುವಾರಿಗೆ ಇದ್ದೆ; ಅವಳು ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಹೊಸ ಕೆಲಸದ ಆಸೆ ಹುಟ್ಟಿದ್ದು ಅವಳಿಗೆ. ನಾನು ಅವಳ ಹಿಂದೆ ಹೋದವನು. ಬನಹಟ್ಟಿಯಲ್ಲಿ ನನ್ನ ತಾಯಿ ಇವತ್ತಿಗೂ ಕೇಳಿದವರಿಗೆಲ್ಲ “ನನ್ನ ಮಗಾ ಹೋಟೆಲಿನಾಗ ಮ್ಯಾನೇಜರ್ ಅದಾನ” ಎಂದೇ ಹೇಳುತ್ತಾಳೆ, ನಾನೂ ತಿದ್ದಲು ಹೋಗಿಲ್ಲ.

ಕಯಾಕ್ ಎಂದರೆ ಒಬ್ಬರೇ ಕೂರುವ ಸಣ್ಣ ಪ್ಲಾಸ್ಟಿಕ್ ದೋಣಿ. ಎರಡೂ ತುದಿಗೆ ಅಲಗಿರುವ ಒಂದೇ ಹುಟ್ಟಿನಿಂದ ಅದನ್ನು ನಡೆಸಬೇಕು. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆದ್ದರಿಂದ ಮಾಲೀಕರನ್ನು ಕೇಳಿ ಎರಡು ಕಯಾಕುಗಳನ್ನು ಪಿಕಪ್ ಗಾಡಿಯ ಮೇಲೆ ಕಟ್ಟಿಕೊಂಡು ಘಟ್ಟ ಹತ್ತಿ ಅವಳ ತವರಿಗೆ ಬಂದೆವು. ಶ್ರಾವಣದ ಹೊತ್ತಿಗೆ ಹಿನ್ನೀರು ತುಂಬಿ ಹೊಲಗಳ ಬದುವಿಗೆ ಬಂದು ನಿಂತಿತ್ತು. ಹೇಳಿಕೊಡಲು ಹೆಂಡತಿಯ ಅಣ್ಣ, ನಮ್ಮ ಭಾವ, ಸಿದ್ಧನಾಗಿದ್ದ. ಆತ ಕಯಾಕನ್ನು ಕಂಡದ್ದೇ ಅವತ್ತು; ಆದರೆ ಬೋಧನೆಗೆ ಅದೇನೂ ಅಡ್ಡಿಯಾಗಲಿಲ್ಲ.

“ಮೊದಲ ಬೀಳೂದು ಕಲೀರಿ. ಕುಂಡ್ರೂದು ಆಮ್ಯಾಲ” ಎಂದ.

ನಾನು ಹುಟ್ಟು ಹಿಡಿದು ಹತ್ತು ಮಾರು ಹೋಗಿದ್ದೆನೋ ಇಲ್ಲವೋ, ಕೆಳಗಿನಿಂದ ಯಾರೋ ದೋಣಿಯನ್ನು ಎತ್ತಿ ಒಗೆದಂತಾಯಿತು. ನೀರೊಳಗೆ ಕಣ್ಣು ಬಿಟ್ಟರೆ ಎದುರಿಗೆ ಭಾವ. ಮೂಗಿನೊಳಗೆ ಕೃಷ್ಣೆ ಹೊಕ್ಕಿದ್ದಳು. ಮೇಲೆದ್ದು ಕೆಮ್ಮುತ್ತಾ “ಹೇಳಿ ಮಾಡಬಾರದಾ?” ಎಂದು ಬೈದೆ.

“ಸಮುದ್ರ ಹೇಳಿ ಮಾಡ್ತೈತೇನ್ರಿ?” ಎಂದು ನಕ್ಕ.

ಹೀಗೆ ಬೀಳುವುದೇ ನಮ್ಮ ದಿನಚರಿಯಾಯಿತು. ಮಗುಚಿದ ಕಯಾಕನ್ನು ಪಕ್ಕದಿಂದ ಹಿಡಿದು ತಿರುವಿ ಹಾಕಬೇಕು, ಕಾಲು ಬಡಿದು ಹೊಟ್ಟೆಯ ಮೇಲೆ ಏರಬೇಕು, ಹೊರಳಿ ಕುಂಡಿ ಊರಬೇಕು, ಕಾಲುಗಳನ್ನು ಕೊನೆಗೆ ಒಳಗೆಳೆದುಕೊಳ್ಳಬೇಕು. ಮೊದಲು ಕಾಲು ಎಳೆದರೆ ಮತ್ತೆ ನೀರಿಗೆ. ಹೆಂಡತಿ ಒಂದೇ ದಿನದಲ್ಲಿ ಕಲಿತಳು. ನಾನು ದಂಡೆಯಲ್ಲಿ ನಿಂತ ಜನರಿಗೆ ಬಹಳ ದಿನ ಮನರಂಜನೆ ಕೊಟ್ಟೆ. ಆದರೆ ಕಲಿತೆ. ಗಾಳದ ಕೋಲು, ರೀಲು, ಮಿನುಗುವ ಪ್ಲಾಸ್ಟಿಕ್ ಮರಿಮೀನನ್ನು ಎಸೆದು ಎಳೆಯುವ ರೀತಿ, ಎಲ್ಲವೂ ಅಲ್ಲಿಯೇ ಅಷ್ಟಿಷ್ಟು ಕೈಗೆ ಹತ್ತಿದವು. ನನಗೆ ನಿಜಕ್ಕೂ ಹೆಮ್ಮೆಯಾದ ಒಂದು ಕೆಲಸವಿತ್ತು: ದಾರಕ್ಕೆ ದಾರ ಕೂಡಿಸುವುದು. ಮಗ್ಗದ ಮೇಲೆ ಎಳೆ ಹರಿದರೆ ಮಗ್ಗ ನಿಲ್ಲುವಷ್ಟರಲ್ಲಿ ಗಂಟು ಬಿದ್ದಿರಬೇಕು. ನಮ್ಮ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಆ ಗಂಟು ಕಲಿಯುತ್ತಾರೆ. ಗಾಳದ ದಾರ, ಅದರ ಮುಂದಿನ ಗಟ್ಟಿ ತುಂಡು, ಹುಟ್ಟು ಕೈ ಜಾರಿದರೆ ತೇಲಿ ಹೋಗದಂತೆ ದೋಣಿಗೆ ಕಟ್ಟುವ ಪಟ್ಟಿ, ಎಲ್ಲಕ್ಕೂ ನನ್ನದೇ ಗಂಟು. ಹುಟ್ಟಿನ ಪಟ್ಟಿ ಗಿಡ್ಡವಿದ್ದು ಗಾಳ ಎಸೆಯುವಾಗ ಕೈಗೆ ಅಡ್ಡ ಬರುತ್ತಿತ್ತು. ಇಬ್ಬರ ಪಟ್ಟಿಗೂ ಹೊಸ ನೈಲಾನ್ ದಾರ ಕೂಡಿಸಿ ಉದ್ದ ಮಾಡಿದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಟ್ಟಿದ್ದನ್ನು ಭಾವ ಬಾಯಿ ತೆರೆದು ನೋಡಿದ.

ಮಳೆಗಾಲ ಕಳೆದು ಸಮುದ್ರಕ್ಕೆ ಮರಳಿದೆವು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತಾರೆ, ಹೇಳಿದವರು ಹೊಳೆಗೆ ಇಳಿದಿರಬೇಕು. ಮೊದಲ ದಿನ ದಡದ ಅಲೆಯೇ ನಮ್ಮನ್ನು ದಾಟಗೊಡಲಿಲ್ಲ. ಹಿನ್ನೀರಿನಲ್ಲಿ ನೀರು ನಿಂತಿರುತ್ತದೆ, ಬೀಳುವವರು ನಾವು. ಇಲ್ಲಿ ನೀರೇ ಎದ್ದು ಬರುತ್ತಿತ್ತು. ಅಲೆಗೆ ಸ್ವಲ್ಪ ಓರೆಯಾದೆ, ಅಷ್ಟೇ. ಕಯಾಕು ನನ್ನ ತಲೆಯ ಮೇಲೆ, ನಾನು ಮರಳಿನ ಮೇಲೆ, ಬಾಯಿ ತುಂಬ ಉಪ್ಪು. ಅಲೆಯ ಮುಖಕ್ಕೆ ನೇರವಾಗಿ ನುಗ್ಗಬೇಕು, ಅದು ಒಡೆಯುವ ಮೊದಲೇ ದಾಟಬೇಕು, ನಡುವೆ ಹುಟ್ಟು ನಿಲ್ಲಿಸಬಾರದು. ಇದನ್ನು ಕಲಿಯಲು ಮೊಣಕಾಲಿನ ಚರ್ಮ ಬೇಕಾಯಿತು.

ದಾಟಿದ ಮೇಲೆ ಹೊಟ್ಟೆ ತೊಳಸುವಿಕೆ. ಹೆಂಡತಿ ಬುತ್ತಿಗೆ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಝುಣಕ ನನ್ನ ಕಣ್ಣೆದುರಿಗೇ ತಿಂದಳು. ನಾನು ದಿಗಂತ ನೋಡುತ್ತಾ ಕುಳಿತೆ. ದಿನಗಳೆದಂತೆ ಅದೂ ಕಮ್ಮಿಯಾಯಿತು. ಮೊದಲ ಬಂಗಡೆ ಸಿಕ್ಕಾಗ ಅದು ಅಂಗೈಯಲ್ಲಿ ಪಟಪಟ ಬಡಿದುಕೊಂಡ ರೀತಿಗೆ ಬೆಚ್ಚಿ ಕೈ ಬಿಟ್ಟೆ, ಅದು ತನ್ನ ದಾರಿ ಹಿಡಿಯಿತು. “ಹಿಡದಿದ್ದ ಯಾಕ, ಬಿಡೂದಿದ್ರ?” ಎಂದು ಹೆಂಡತಿ ಕೇಳಿದಳು.

ದಡದಿಂದ ಬಹು ದೂರದಲ್ಲಿ, ನೀರಿನ ಮೇಲೆ ಬೆನ್ನಷ್ಟೇ ಕಾಣುವ ಒಂದು ಬಂಡೆಯಿತ್ತು. ಅದರ ಸುತ್ತ ಇಸ್ವಾಣ ಓಡಾಡುತ್ತದೆ ಎಂದು ಕೇಳಿದ್ದೆವು. ತೋಳುದ್ದದ, ಬೆಳ್ಳಿ ಮೈಯ, ಬಾಣದಂತೆ ಹೋಗುವ ಮೀನು. ಬಂಡೆ ಬಳಿ ನನ್ನ ಗಾಳಕ್ಕೆ ಮೊದಲ ಇಸ್ವಾಣ ಬಿದ್ದ ದಿನ ರೀಲು ಕಿರುಚಿತು. ಕಯಾಕು ನನ್ನ ಅಪ್ಪಣೆ ಕೇಳದೆ ತಿರುಗಿ ಹೊರಟಿತು. ಮಗ್ಗದ ಹಾಸೆಳೆಗಳ ಬಿಗಿ ನೋಡಿ ಅಭ್ಯಾಸವಿದ್ದ ಕೈ ರೀಲಿನ ಬ್ರೇಕನ್ನು ಹದವಾಗಿ ಹಿಡಿಯಿತು. ಮೀನು ದಣಿಯಿತು, ಹತ್ತಿರ ಬಂತು, ಅದರ ಕಣ್ಣು ಕಂಡಿತು. ಆಗ ಒಮ್ಮೆಲೇ ಕೋಲು ಹಗುರಾಯಿತು. ದಾರ ಹರಿದಿದೆ ಎಂದುಕೊಂಡು ಎಳೆದು ನೋಡಿದೆ. ಹರಿದಿರಲಿಲ್ಲ. ತುದಿ ಇಡಿಯಾಗಿತ್ತು, ಹಂದಿಯ ಬಾಲದಂತೆ ಸುರುಳಿ ಸುತ್ತಿಕೊಂಡಿತ್ತು. ನನ್ನ ಗಂಟು ತಾನೇ ಜಾರಿ ಬಿಚ್ಚಿಕೊಂಡಿತ್ತು.

ನಾನು ದಂಗಾದೆ. ಮೀನು ಹೋದದ್ದಕ್ಕಲ್ಲ. ನಾನು, ನನ್ನಪ್ಪ, ಅವನಪ್ಪ ಹಾಕಿದ ಗಂಟು ಬಿಚ್ಚಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಕೂತು ನೋಡಿದಾಗ ತಿಳಿಯಿತು: ಹತ್ತಿಯ ಎಳೆಗೆ ಜುಂಗು ಇರುತ್ತದೆ, ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ನೈಲಾನ್ ನುಣುಪು; ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರೆ ಆ ಗಂಟು ಇಷ್ಟಿಷ್ಟೇ ಸರಿಯುತ್ತದೆ. ಅಂದೇ ಗಾಳದ ದಾರಗಳನ್ನೆಲ್ಲ ಬಿಚ್ಚಿ, ಹತ್ತಾರು ಸುತ್ತು ಸುತ್ತಿ ಬಿಗಿಯುವ ಬೇರೆ ಗಂಟು ಅಭ್ಯಾಸ ಮಾಡಿ ಹಾಕಿದೆ. ಬೆರಳಿಗೆ ಬಹಳ ಸಿಟ್ಟು ಬಂತು. “ನಿಮ್ಮ ಮಗ್ಗ ಬ್ಯಾರೆ, ಈ ನೀರ ಬ್ಯಾರೆ” ಎಂದು ಹೆಂಡತಿ ಚುಚ್ಚಿದಳು. ಹುಟ್ಟಿನ ಪಟ್ಟಿ ಮಾತ್ರ ನನಗೂ ನೆನಪಾಗಲಿಲ್ಲ, ಅವಳಿಗೂ ಆಗಲಿಲ್ಲ. ಅದು ಗಾಳದ ಸಾಮಾನೇ ಅಲ್ಲವಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಇಬ್ಬರೂ ಬಂಡೆಯ ಕಡೆಗೆ ಹೊರಟೆವು. ಆ ದಿನಗಳಲ್ಲಿ ಬೆಳಗಿನ ಗಾಳಿ ಘಟ್ಟದ ಕಡೆಯಿಂದ, ಪೂರ್ವದಿಂದ ಬೀಸುತ್ತದೆ. ಹೋಗುವಾಗ ಬೆನ್ನು ದೂಡುತ್ತದೆ, ಬರುವಾಗ ಎದೆಗೆ ಬಡಿಯುತ್ತದೆ. ಹೊತ್ತೇರಿದಂತೆ ಅದು ಸತ್ತು, ನಡುಹಗಲ ಸುಮಾರಿಗೆ ಪಶ್ಚಿಮದಿಂದ ಗಾಳಿ ಏಳುತ್ತದೆ. ಅವತ್ತು ಪೂರ್ವದ ಗಾಳಿ ಎಂದಿಗಿಂತ ಜೋರಾಗಿತ್ತು. ಬಂಡೆ ತಲುಪಲು ಹುಟ್ಟು ಹಾಕಿದ್ದೇ ಕಡಿಮೆ.

ಇಸ್ವಾಣ ಬಿದ್ದದ್ದು ಹೆಂಡತಿಯ ಗಾಳಕ್ಕೆ. ನಾನು ಕಂಡವುಗಳಲ್ಲೇ ದೊಡ್ಡದು. ಅವಳು ಹುಟ್ಟನ್ನು ಪಕ್ಕಕ್ಕೆ ಬಿಟ್ಟು ಎರಡೂ ಕೈಯಲ್ಲಿ ಕೋಲು ಹಿಡಿದಳು. ಮೀನು ಅವಳನ್ನು ಕಯಾಕಿನ ಸಮೇತ ಎಳೆದುಕೊಂಡು ಹೊರಟಿತು. ಹುಟ್ಟು ಪಟ್ಟಿಯ ತುದಿಯಲ್ಲಿ ನೀರಲ್ಲಿ ಎಳೆದಾಡುತ್ತಾ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಹುಟ್ಟು ಒಂದು ಕಡೆ, ಅವಳು ಒಂದು ಕಡೆ ಹೋಗುತ್ತಿರುವುದು ಕಂಡಿತು. ಏನಾಗಿದೆ ಎಂದು ನೋಡದೆಯೇ ಗೊತ್ತಾಯಿತು.

“ಹುಟ್ಟಿನ ಹಿಂದ ಹೋಗ್ರಿ. ನಾ ಇಲ್ಲೇ ಇರ್ತೇನಿ” ಎಂದು ಅವಳು ಕೂಗಿದಳು.

ಮೀನು ಎಳೆಯುತ್ತಿರುವವಳು, ಗಾಳಿ ದೂಡುತ್ತಿರುವವಳು ಇಲ್ಲೇ ಹೇಗೆ ಇರುತ್ತಾಳೆ ಎಂದು ಆಗ ಹೊಳೆಯಲಿಲ್ಲ. ಹುಟ್ಟಿನ ಹಿಂದೆ ಹೋದೆ. ಹಳದಿ ಅಲಗು ಅಲೆಯ ಮೇಲೆ ಒಮ್ಮೆ ಕಾಣುವುದು, ಒಮ್ಮೆ ಇಲ್ಲ. ಕೊನೆಗೂ ಸಿಕ್ಕಿತು. ಎತ್ತಿಕೊಂಡು ನೋಡಿದರೆ ಅದಕ್ಕೆ ಅಂಟಿದ ನೈಲಾನ್ ದಾರದ ತುದಿ ಇಡಿಯಾಗಿಯೇ ಇತ್ತು, ಅದೇ ಹಂದಿಬಾಲ. ತಿರುಗಿ ಅವಳ ಕಡೆ ನೋಡಿದೆ.

ಅವಳು ಇರಲಿಲ್ಲ.

ಕಯಾಕಿನಲ್ಲಿ ಕುಳಿತವನ ಕಣ್ಣು ನೀರಿನಿಂದ ಎರಡು ಮೊಳದೆತ್ತರದಲ್ಲಿರುತ್ತದೆ. ಸೊಂಟದೆತ್ತರದ ಅಲೆ ನಡುವೆ ಬಂದರೂ ಆಚೆಗಿನ ಆನೆ ಕಾಣುವುದಿಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಆ ಕ್ಷಣ ಕಲಿತೆ. ಕುತ್ತಿಗೆಯ ಸೀಟಿ ಊದಿದೆ. ಕಿವಿಗೊಟ್ಟೆ. ಮತ್ತೆ ಊದಿದೆ. ಗಾಳಿ ನನ್ನಿಂದ ಅವಳ ಕಡೆಗೆ ಬೀಸುತ್ತಿತ್ತು. ನನ್ನ ಸೀಟಿ ಅವಳಿಗೆ ಹೋದೀತು, ಅವಳದು ನನಗೆ ಬರಲಾರದು ಎಂಬ ಲೆಕ್ಕವೂ ತಲೆಯಲ್ಲಿರಲಿಲ್ಲ. ಪಶ್ಚಿಮಕ್ಕೆ ಹುಟ್ಟು ಹಾಕಿದೆ, ದಕ್ಷಿಣಕ್ಕೆ ಹಾಕಿದೆ, ನಿಂತು ನೋಡಲು ಹೋಗಿ ಮಗುಚಿದೆ. ಭಾವ ಕಲಿಸಿದ್ದು ಕೈಗೆ ಬಂತು, ಹುಟ್ಟುಗಳನ್ನು ಬಿಡದೆ ಏರಿದೆ. ನನ್ನ ತೊಡೆಯ ಮೇಲೆ ಎರಡು ಹುಟ್ಟುಗಳಿದ್ದವು. ನೀರಿನ ಮೇಲೆ ಎಲ್ಲೋ ಒಂದೂ ಇಲ್ಲದ ಹೆಂಡತಿ. ಜಾಕೆಟ್ ತೊಟ್ಟವರು ಮುಳುಗುವುದಿಲ್ಲ, ಸರಿ. ಎಲ್ಲಿಗೆ ಹೋಗುತ್ತಾರೆ ಎಂದು ಜಾಕೆಟ್ ಹೇಳುವುದಿಲ್ಲ.

ಫೋನು ನನ್ನೊಬ್ಬನ ಹತ್ತಿರ, ಕೊರಳ ಚೀಲದಲ್ಲಿತ್ತು. ಕರೆ ಮಾಡಿದರೆ ಬೋಟು ಬರುತ್ತದೆ, ಕೆಲಸ ಹೋಗುತ್ತದೆ. ಅದು ಅವಳ ಆಸೆಯ ಕೆಲಸ. ಅವಳು ಬಂಡೆಯ ಮರೆಯಲ್ಲೇ ಇದ್ದು ಈಗ ಕಾಣಿಸಿಕೊಂಡರೆ ನನ್ನನ್ನು ಉಳಿಸುವುದಿಲ್ಲ. ಇನ್ನೊಂದು ಸುತ್ತು ಹುಡುಕಿದೆ. ದಡದ ಗುಡ್ಡ ಸಣ್ಣದಾಗಿ ಕಾಣತೊಡಗಿತು. ಅಂದರೆ ನಾನೂ ಹೊರಗೆ ಜಾರುತ್ತಿದ್ದೆ. ಆಗ ನಿರ್ಧಾರ ಮಾಡಿದೆ. ಕೆಲಸ ಹೋಗಲಿ.

ಚೀಲದ ಪ್ಲಾಸ್ಟಿಕ್ಕಿನ ಮೇಲೆ ಉಪ್ಪುನೀರು, ಒದ್ದೆ ಬೆರಳಿಗೆ ಫೋನು ಓಗೊಡಲಿಲ್ಲ. ಎಲ್ಲೆಲ್ಲೋ ಒತ್ತಿಕೊಂಡಿತು. ಬೆರಳು ಒರೆಸಿಕೊಳ್ಳೋಣವೆಂದರೆ ತಲೆಯ ಟೋಪಿಯ ಒಳಮೈಯೂ ಇನ್ನೂ ಒದ್ದೆ. ಬೆರಳನ್ನು ಬಾಯಲ್ಲಿ ಚೀಪಿ, ಗಾಳಿಗೆ ಹಿಡಿದು ಒತ್ತಿದೆ. ಮಾಲೀಕರು ಎತ್ತಿದರು. “ಅವಳು ಕಾಣವಲ್ಲಳು” ಎಂದೆ. ಅವರು ಬೇರೇನೂ ಕೇಳಲಿಲ್ಲ. “ನೀವು ಬಂಡೆ ಬಿಟ್ಟು ಹೋಗಬೇಡಿ. ಇಬ್ಬರನ್ನ ಹುಡುಕುವ ಹಾಗೆ ಮಾಡಬೇಡಿ” ಎಂದರು.

ಬೋಟು ಬರುವ ತನಕ ಗಾಳಿಗೆ ಎದುರಾಗಿ ಹುಟ್ಟು ಹಾಕುತ್ತಾ ಬಂಡೆಯ ಬಳಿ ನಿಂತೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಎಲ್ಲಿಗೂ ಹೋಗದೆ ಇದ್ದದ್ದು ಅದೊಂದೇ ಸಲ. ಬೋಟಿನವರು ಬಂದು ನನ್ನನ್ನು ಎತ್ತಿಕೊಂಡು, ಕಯಾಕನ್ನು ಹಿಂದೆ ಕಟ್ಟಿಕೊಂಡು ಗಾಳಿ, ನೀರಿನ ಸೆಳೆತ ಎರಡನ್ನೂ ಅಂದಾಜಿಸಿ ನೈಋತ್ಯಕ್ಕೆ ತಿರುಗಿಸಿದರು. ನಾನು ಬೋಟಿನ ಮುಂಗಂಬ ಹಿಡಿದು ನಿಂತಿದ್ದೆ. ಪೂರ್ವದ ಗಾಳಿ ಸೋತಿತ್ತು. ನೀರು ಎಣ್ಣೆಯಂತೆ ಸುಮ್ಮನಾಯಿತು. ಆಮೇಲೆ ಎದುರಿನಿಂದ ಸಣ್ಣ ತೆರೆಗಳು ಎದ್ದವು. ಬೋಟಿನ ಬಾವುಟ ತಿರುಗಿತು.

“ಅಲ್ಲಿ” ಎಂದರು ಬೋಟಿನವರು.

ಅವಳು ನಮ್ಮ ಕಡೆಗೇ ಬರುತ್ತಿದ್ದಳು. ದೋಣಿಯಲ್ಲಿದ್ದ ಸಾಮಾನಿನ ಡಬ್ಬಿಯ ಮುಚ್ಚಳ ಕಿತ್ತು ಎರಡೂ ಕೈಯಲ್ಲಿ ಹಿಡಿದು ನೀರು ತಳ್ಳುತ್ತಿದ್ದಳು. ಕಾಲ ಮೇಲೆ ಅಡ್ಡಲಾಗಿ ಇಸ್ವಾಣ, ಅದರ ಬಾಲಕ್ಕೆ ಅವಳ ತಲೆವಸ್ತ್ರ ಬಿಗಿದು ಕಟ್ಟಿತ್ತು. ಪಕ್ಕದಲ್ಲಿ, ಮೀನು ಹಾಕಿಕೊಳ್ಳಲು ಒಯ್ದಿದ್ದ, ಹಗ್ಗ ಕಟ್ಟಿದ ಬಕೆಟ್ಟು. ಗಾಳಿ ಹೊರಗೆ ದೂಡುತ್ತಿದ್ದಾಗ ಆ ಬಕೆಟ್ಟನ್ನು ದೋಣಿಯ ಮೂತಿಯಿಂದ ನೀರಿಗಿಳಿಸಿದ್ದಳಂತೆ. ಅದು ನೀರು ತುಂಬಿಕೊಂಡು ಜಗ್ಗಿ ಹಿಡಿದು, ದೋಣಿ ಬೇಗ ಹೋಗದ ಹಾಗೆ ಮಾಡಿತ್ತು. ಗಾಳಿ ತಿರುಗುವ ತನಕ ಕುಳಿತಿದ್ದಳು. ರೊಟ್ಟಿಯನ್ನೂ ತಿಂದಿದ್ದಳು.

ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ಬೋಟನ್ನು ನೋಡಿದಳು, ನನ್ನನ್ನು ನೋಡಿದಳು.

“ಬೋಟ ಯಾರಿಗಿ ಕರಸೀರಿ?”

“ನಿನಗ.”

“ನನಗ ಬ್ಯಾಡ್ರಿ. ಗಾಳಿ ತಿರಗೇತಿ. ಹುಟ್ಟ ಕೊಡ್ರಿ.”

ನಾನು ಅವಳ ಹುಟ್ಟು ಕೊಟ್ಟೆ. ಅವಳು ದಡದ ತನಕ ತಾನೇ ಬಂದಳು, ಬೋಟು ಮೆಲ್ಲಗೆ ಅವಳ ಹಿಂದೆ ಬಂತು. ಬೋಟಿನವರು ಮುಖ ಆ ಕಡೆ ಮಾಡಿ ನಗುತ್ತಿದ್ದರು. ನಾನು ಅಳುತ್ತಿದ್ದೆ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ದಡದಲ್ಲಿ ಮಾಲೀಕರು ಎಲ್ಲವನ್ನೂ ಕೇಳಿಸಿಕೊಂಡರು. ಜಾರಿದ ಗಂಟಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ನಾನೇ ಮೊದಲು “ಮಾತು ಮಾತೇ, ನಾವು ಹೊರಡುತ್ತೇವೆ” ಎಂದೆ.

“ನಾವು ಅಂದರೆ ಯಾರು?” ಎಂದರು. “ಬೋಟು ಕೇಳಿದ್ದು ನೀವು. ಅವರಿಗೆ ಬೋಟು ಬೇಕಾಗಲಿಲ್ಲ ಅಲ್ವಾ. ಕೆಲಸ ಅವರದ್ದು. ನೀವು ಮೊದಲಿನ ಹಾಗೆ ದಡದಲ್ಲಿ ಸಾಮಾನು ನೋಡಿಕೊಳ್ಳಿ.”

ಸಮುದ್ರದಲ್ಲಿ ಬಿದ್ದ ಏಟುಗಳಿಗಿಂತ ಇದು ಬೇರೆ ತರಹ ತಾಗಿತು. ಅವಳು ಈಗ ‘ಇಬ್ಬರಿಗೂ ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ’ ಎನ್ನುತ್ತಾಳೆ ಎಂದು ಕಾದೆ. ಅವಳು ಕೂದಲಿನ ನೀರು ಹಿಂಡಿಕೊಂಡು “ಆತ್ರಿ, ನಾ ಮಾಡ್ತೇನಿ” ಎಂದಳು.

ಮಧ್ಯಾಹ್ನ ನಮ್ಮ ಕೋಣೆಯಲ್ಲಿ ಕುಳಿತಾಗ ನನ್ನ ಸಿಟ್ಟು ಹೊರಗೆ ಬಂತು. ನಾಳೆ ಹಾಗೆಯೇ ಆದರೂ ನಾನು ಕರೆಯೇ ಮಾಡುತ್ತೇನೆ, ಇದರಲ್ಲಿ ನನ್ನ ತಪ್ಪೇನು ಎಂದು ಕೇಳಿದೆ. ಇವತ್ತಿಗೂ ನನ್ನ ಮಾತು ಅದೇ.

“ಫೋನ್ ಮಾಡಿದ್ದು ತಪ್ಪ ಅನ್ನಂಗಿಲ್ಲರಿ” ಎಂದಳು. “ನಿಮ್ಮ ಸೀಟಿ ನನಗ ಕೇಳಸ್ತಿತ್ತು. ನಾನೂ ಊದಿದ್ನಿ. ನಿಮಗ ಮುಟ್ಟಲಿಲ್ಲ. ಆಮ್ಯಾಲ ನಿಮ್ಮ ಸೀಟಿ ನಿಂತ ಬಿಡ್ತು. ಆಗ ತಿಳೀತು ನನಗ, ನೀವು ನನ್ನ ಕೈ ಬಿಟ್ರಿ ಅಂತ.”

“ಕೈ ಬಿಟ್ಟಿಲ್ಲ. ಬೋಟ ಕರದೆ.”

“ನಾ ಸತ್ತೇನಿ ಅಂತ ತಿಳದಿದ್ರಿ. ಖರೆ ಹೇಳ್ರಿ.”

ಅವಳು ಹೊಸ ಪಟ್ಟಿಯನ್ನು ಹುಟ್ಟಿಗೆ ಕಟ್ಟುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು: “ನಮ್ಮವ್ವಗ ಏನಂತ ಹೇಳವರಿದ್ರಿ?”

ಬಂಡೆಯ ಬಳಿ ಬೋಟಿಗೆ ಕಾಯುತ್ತಾ ಹುಟ್ಟು ಹಾಕುತ್ತಿದ್ದಾಗ ನನ್ನ ತಲೆಯಲ್ಲಿ ನಡೆದದ್ದು ಅದೊಂದೇ ಆಗಿತ್ತು. ಬೀಳಗಿಗೆ ಯಾವ ದಾರಿಯಲ್ಲಿ ಹೋಗುವುದು, ಬಾಗಿಲಲ್ಲಿ ನಿಂತು ಮೊದಲ ಮಾತು ಏನು, ಎಲ್ಲವನ್ನೂ ಜೋಡಿಸಿಟ್ಟಿದ್ದೆ. ಅದನ್ನೇ ಹೇಳಿದೆ. ‘ಅವ್ವಾ, ನಿನ್ನ ಮಗಳನ್ನ ನೀರು ಒಯ್ದ ಬಿಡ್ತು’ ಎನ್ನುವವನಿದ್ದೆ ಎಂದೆ.

ಅವಳು ಗಂಟನ್ನು ಎಳೆದು ಬಿಗಿ ಮಾಡಿದಳು.

“ನಮ್ಮವ್ವ ನಂಬತಿರಲಿಲ್ಲ” ಎಂದಳು. “ಎಲ್ಲೆ ಬಿಟ್ಟ ಬಂದಿ ನನ್ನ ಮಗಳನ್ನ ಅಂತ ಕೇಳತಿದ್ದಳು.”